ಕಲೆ ಇರುವ ಗೋಡೆ: ಚರ್ಚಿನ ಸೊಗಸು, ಚರ್ಚಿನ ಹುಳುಕು – ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಕರಾವಳಿಯ ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನ ಪ್ರಾಟೆಸ್ಟೆಂಟ್ ಮತಪ್ರಚಾರ ಸಂಸ್ಥೆ) ಮೂಲದ ಮನೆತನ. ಮನೆಯಲ್ಲಿ ತುಳು, ದೇವಾಲಯದಲ್ಲಿ (ನಾವು ಚರ್ಚಿನ ಕಟ್ಟಡಕ್ಕೆ ಹೇಳುವುದು ಹಾಗೆ) ಕನ್ನಡ, ಜಗಳಕ್ಕೆ ಎರಡೂ. ಮದುವೆಯಾಗಿ ಹುಬ್ಬಳ್ಳಿ ಕಡೆ ಬಂದು ಇಪ್ಪತ್ತೆಂಟು ವರ್ಷವಾಯಿತು. ಇಲ್ಲಿಯ ಸಭೆಯೊಂದರ, ಅಂದರೆ ಒಂದು ಚರ್ಚಿನ ಜನರ, ಕಮಿಟಿಯಲ್ಲಿ ಒಂದು ಅವಧಿ ಕೂತು, ಸಾಕಪ್ಪಾ ಸಾಕು ಎಂದು ಎದ್ದು ಬಂದವಳು ನಾನು. ಸಭೆಯಿಂದ ಮಾತ್ರ ಎದ್ದಿಲ್ಲ. ಇದು ಗೊತ್ತಿರುವ ಶಾಲೆಯ ಸಹೋದ್ಯೋಗಿಗಳು, ತಂಗಿಯ ಮಕ್ಕಳು, ಸಭೆ ಬಿಟ್ಟುಹೋದ ಗೆಳತಿಯರು, ಒಮ್ಮೊಮ್ಮೆ ರೈಲಿನಲ್ಲಿ ಪಕ್ಕ ಕೂತವರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಉತ್ತರಗಳು ನನ್ನವು, ಯಾವ ಡಯಾಸಿಸ್ಸಿನ (ಬಿಷಪರ ಆಡಳಿತ ಪ್ರಾಂತದ) ಪರವಾಗಿಯೂ ಅಲ್ಲ. ಅವರು ಓದಿದರೆ ಅರ್ಧಕ್ಕರ್ಧ ಒಪ್ಪಲಿಕ್ಕಿಲ್ಲ.

ಒಳಗಿನ ಹುಳುಕೆಲ್ಲ ಗೊತ್ತಿದ್ದೂ ಪ್ರತಿ ಭಾನುವಾರ ಯಾಕೆ ಹೋಗುತ್ತೀರಿ?

ಇದಕ್ಕೆ ವಾದ ಮಾಡಿ ಉತ್ತರ ಕೊಡಲು ನನಗೆ ಬರುವುದಿಲ್ಲ. ನಾನು ಕಂಡದ್ದೊಂದನ್ನು ಹೇಳುತ್ತೇನೆ.

ನಾನು ಹೋಗುತ್ತಿದ್ದ ಸಭೆಯೊಂದರಲ್ಲಿ ಇಬ್ಬರು ಹಿರಿಯರಿದ್ದರು. ದೇವಾಲಯದ ಹಿಂದಿನ ಜಾಗದ ಬಾಡಿಗೆ ಯಾರ ಕೈಗೆ ಸೇರಬೇಕು ಎಂದು ಶುರುವಾದ ಮಾತು ಕೋರ್ಟಿಗೆ ಹೋಗಿ ವರ್ಷಗಟ್ಟಲೆ ನಡೆಯಿತು. ಒಬ್ಬರು ಎಡಗಡೆಯ ಬಾಗಿಲಿನಿಂದ ಬಂದರೆ ಇನ್ನೊಬ್ಬರು ಬಲಗಡೆಯಿಂದ. ಎರಡು ಮನೆಯ ಹೆಂಗಸರು ಮಾರ್ಕೆಟಿನಲ್ಲಿ ಎದುರಾದರೆ ಸೊಪ್ಪಿನ ಕಡೆ ಮುಖ ತಿರುಗಿಸುತ್ತಿದ್ದರು. ಅಂಥದ್ದರಲ್ಲಿ ಒಂದು ಭಾನುವಾರ ಕರ್ತನ ಭೋಜನಕ್ಕೆ (ಯೇಸುವಿನ ನೆನಪಿಗೆ ರೊಟ್ಟಿ-ದ್ರಾಕ್ಷಾರಸ ಹಂಚುವ ವಿಧಿಗೆ) ಸಾಲಾಗಿ ಹೋಗುವಾಗ ಅದು ಹೇಗೋ ಲೆಕ್ಕ ತಪ್ಪಿ ಇಬ್ಬರೂ ಅಕ್ಕಪಕ್ಕ ಮೊಣಕಾಲೂರಿದರು. ಎದ್ದು ಹೋಗುವ ಹಾಗಿಲ್ಲ, ಎಲ್ಲರೂ ನೋಡುತ್ತಿದ್ದಾರೆ. ಸಭಾಪಾಲಕರು, ಅಂದರೆ ನಮ್ಮ ಪಾದ್ರಿ, ಒಬ್ಬರ ತುಟಿಗೆ ಪಾತ್ರೆ ಹಿಡಿದರು, ಬಿಳಿ ಬಟ್ಟೆಯಿಂದ ಅಂಚು ಒರೆಸಿದರು, ಪಾತ್ರೆಯನ್ನು ಒಂದಿಷ್ಟು ತಿರುಗಿಸಿ ಇನ್ನೊಬ್ಬರಿಗೆ ಹಿಡಿದರು. ಆ ಎರಡನೆಯವರ ಗಂಟಲು ಕದಲಿದ್ದು ಮೂರನೇ ಬೆಂಚಿನಲ್ಲಿದ್ದ ನನಗೆ ಕಂಡಿತು.

ರಾಜಿ ಆಯಿತಾ ಎಂದು ಕೇಳಬೇಡಿ. ಆಗಲಿಲ್ಲ. ಮರುದಿನ ಸೋಮವಾರ ವಾಯಿದೆ ಇತ್ತು, ಇಬ್ಬರೂ ಹೋದರು. ಆದರೆ ಈ ಊರಿನಲ್ಲಿ ಅವರಿಬ್ಬರನ್ನು ಒಂದೇ ಪಾತ್ರೆಯಲ್ಲಿ ಕುಡಿಸುವ ತಾಕತ್ತು ಬೇರೆ ಯಾವ ಜಾಗಕ್ಕಿತ್ತು ಹೇಳಿ. ಕೋರ್ಟಿಗಿರಲಿಲ್ಲ, ಬಂಧು ಬಳಗಕ್ಕಿರಲಿಲ್ಲ. ನಾನು ಹೋಗುವುದು ಆ ಪಾತ್ರೆಯನ್ನು ನೋಡಲಿಕ್ಕೆ.

ಸಭೆ, ಚರ್ಚು, ಇಗರ್ಜಿ, ದೇವಾಲಯ: ಸರಿಯಾದ ಪದ ಯಾವುದು?

ಎಲ್ಲವೂ ಸರಿ. ಕಥೋಲಿಕರು ಕರಾವಳಿಯಲ್ಲಿ ಇಗರ್ಜಿ ಎನ್ನುತ್ತಾರೆ. ನಾವು ಪ್ರಾಟೆಸ್ಟೆಂಟರು ಕಟ್ಟಡಕ್ಕೆ ದೇವಾಲಯ, ಜನಕ್ಕೆ ಸಭೆ ಎನ್ನುತ್ತೇವೆ. ಬಸ್ ಕಂಡಕ್ಟರಿಗೆ ಎಲ್ಲವೂ ‘ಚರ್ಚ್ ಸ್ಟಾಪು’. ಈ ಬರಹದಲ್ಲಿ ಸಭೆ ಎಂದರೆ ಜನ ಎಂದೇ ಓದಿಕೊಳ್ಳಿ.

ಸೊಗಸು ಎಂದರೆ ಬಣ್ಣದ ಗಾಜು, ಎತ್ತರದ ಗೋಪುರ, ಅಷ್ಟೇ ತಾನೇ?

ಅದೂ ಇದೆ, ಇಲ್ಲವೆನ್ನುವುದೇಕೆ? ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ಗೆ ಹೋದರೆ ಕುತ್ತಿಗೆ ನೋಯುವವರೆಗೆ ಮೇಲೆ ನೋಡುತ್ತೀರಿ. ಇಟಲಿಯಿಂದ ಬಂದ ಅಂತೋನಿಯೋ ಮೊಸ್ಕೇನಿ ಎಂಬ ಜೆಸ್ವಿಟ್ ಸೋದರ 1899ರಿಂದ 1901ರವರೆಗೆ ಅಲ್ಲಿನ ಗೋಡೆ, ಛಾವಣಿ, ಕಮಾನುಗಳನ್ನು ಚಿತ್ರಗಳಿಂದ ತುಂಬಿದರು. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು; ಹುಟ್ಟೂರಿಗೆ ವಾಪಸು ಹೋಗಲೇ ಇಲ್ಲ. ಮಂಗಳೂರಿನ ಮಳೆಗಾಲ ಮಾತ್ರ ಯಾವ ಮಹಾನುಭಾವನ ಗೋಡೆಯನ್ನೂ ಬಿಡುವುದಿಲ್ಲ. ತೇವ ಏರಿ ಚಿತ್ರಗಳು ಹಾಳಾಗಿ, ತಜ್ಞರು ಬಂದು ಇಂಚಿಂಚು ಸರಿಪಡಿಸಬೇಕಾಯಿತು. ಕನ್ನಡದಲ್ಲಿ ಗೋಡೆಯ ಮೇಲಿನ ಚಿತ್ರವೂ ಕಲೆ, ತೇವದ ಗುರುತೂ ಕಲೆ. ನಮ್ಮ ಭಾಷೆ ಬಹಳ ಮೊದಲೇ ಚರ್ಚನ್ನು ಅರ್ಥ ಮಾಡಿಕೊಂಡಿದೆ ಎಂದು ನಾನು ತಮಾಷೆ ಮಾಡುವುದುಂಟು.

ಹಾಸನದ ಹತ್ತಿರ ಶೆಟ್ಟಿಹಳ್ಳಿಯ ಪಾಳು ಚರ್ಚು ಇನ್ನೊಂದು. ಗೊರೂರಿನ ಹೇಮಾವತಿ ಜಲಾಶಯ ತುಂಬಿದಾಗ ಅರ್ಧ ಮುಳುಗುತ್ತದೆ, ನೀರು ಇಳಿದಾಗ ಮೇಲೇಳುತ್ತದೆ. ಈಗ ಅಲ್ಲಿ ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳುವವರ ಸಾಲು. ನೋಡಲು ಚೆಂದ, ಒಪ್ಪುತ್ತೇನೆ. ಆದರೆ ಅಣೆಕಟ್ಟಿಗೆ ಊರು ಬಿಟ್ಟವರು ಪೂಜೆ ಕೇಳುತ್ತಿದ್ದ ಜಾಗ ಅದು. ಜನವಿಲ್ಲದ ಚರ್ಚು ನನ್ನನ್ನು ಅಷ್ಟಾಗಿ ಹಿಡಿಯುವುದಿಲ್ಲ. ನಾನು ಹೋಗುವ ದೇವಾಲಯಕ್ಕೆ ಗೋಪುರವಿಲ್ಲ, ಬಣ್ಣದ ಗಾಜಿಲ್ಲ, ಎರಡು ಫ್ಯಾನು ಟಕಟಕ ಎನ್ನುತ್ತವೆ.

ಕಿಟೆಲ್, ಮೊಗ್ಲಿಂಗ್ ಹೆಸರು ಹೇಳಿ ಉಳಿದದ್ದನ್ನೆಲ್ಲ ಮುಚ್ಚಿಬಿಡುತ್ತೀರಲ್ಲ?

ಮುಚ್ಚುವವರಿದ್ದಾರೆ. ರಾಜ್ಯೋತ್ಸವ ಬಂತೆಂದರೆ ನಮ್ಮ ಸಭೆಗಳಲ್ಲೂ ಕಿಟೆಲರ ಫೋಟೊಕ್ಕೆ ಹಾರ ಬೀಳುತ್ತದೆ, ಅಲ್ಲಿಗೆ ಇತಿಹಾಸ ಮುಗಿಯಿತು. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಬಾಸೆಲ್ ಮಿಷನ್ನಿನ ಮೂವರು 1834ರ ಅಕ್ಟೋಬರಿನಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ ಮುಟ್ಟಿದರು. ಬಂದವರು ಜರ್ಮನ್ನರು, ಸ್ವಿಸ್ಸರು. ಬ್ರಿಟಿಷರ ಆಳ್ವಿಕೆಯ ನೆರಳಿನಲ್ಲೇ ಬಂದರು, ಅದೇ ಬ್ರಿಟಿಷರು ಮೊದಲ ಮಹಾಯುದ್ಧದಲ್ಲಿ ಇವರ ಜರ್ಮನ್ ಮಿಷನರಿಗಳನ್ನು ಶತ್ರುಗಳೆಂದು ಹಿಡಿದಿಟ್ಟರು. ಜಾತ್ರೆಗಳಲ್ಲಿ ನಿಂತು ಊರ ದೇವರುಗಳನ್ನು ಹೀಯಾಳಿಸಿ ಮಾತನಾಡಿದ ಪ್ರಚಾರಕರು ಇವರಲ್ಲಿದ್ದರು. ಭೂತಾರಾಧನೆಯನ್ನು ಪಿಶಾಚಿಯ ಕೆಲಸ ಎಂದು ಬರೆದವರಿದ್ದರು. ನನ್ನ ಅಜ್ಜಿಯ ಅಜ್ಜಿ ಮನೆಯ ದೈವವನ್ನು ಬಿಟ್ಟು ಬರುವಾಗ ಏನು ಅನಿಸಿತ್ತೋ, ಯಾರೂ ಬರೆದಿಡಲಿಲ್ಲ. ಯಾರೂ ಕೇಳಲಿಲ್ಲ ಅಂತ ಕಾಣುತ್ತದೆ.

ಈಗ ಇನ್ನೊಂದು ಬದಿ. ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ತಂದರು. ಕನ್ನಡದ ಮೊದಲ ಪತ್ರಿಕೆ ಅದು. ಇವತ್ತಿಗೂ ಜುಲೈ 1 ನಮ್ಮಲ್ಲಿ ಪತ್ರಿಕಾ ದಿನ. ಕಲ್ಲಚ್ಚು ಎಂದರೆ ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಅಕ್ಷರ ತಿರುಗಾಮುರುಗಾ ಬರೆದು, ಕಲ್ಲಿಗೆ ನೀರು ಸವರಿ, ಶಾಯಿ ಹಚ್ಚಿ, ಕಾಗದ ಒತ್ತುವುದು. ಕೆಲಸ ಮುಗಿದರೆ ಕಲ್ಲನ್ನು ಉಜ್ಜಿ ತೊಳೆದು ಮುಂದಿನ ಪುಟ ಬರೆಯಬಹುದು. ಆ ಅಚ್ಚುಕೂಟದಿಂದ ಮತಪ್ರಚಾರದ ಹಾಳೆಗಳು ಹೊರಟವು. ಅದೇ ಅಚ್ಚುಕೂಟದಿಂದ ಅದೇ ಮೊಗ್ಲಿಂಗ್ ಜೈಮಿನಿ ಭಾರತವನ್ನು, ಬಸವ ಪುರಾಣವನ್ನು, ದಾಸರ ಪದಗಳನ್ನು ಹೊರತಂದರು. ಅಂದರೆ ನೋಡಿ, ಬೆಳಿಗ್ಗೆ ಪ್ರಚಾರದ ಮಾತು ಅಚ್ಚಾದ ಕಲ್ಲು ಸಂಜೆ ಪುರಂದರದಾಸರಿಗೆ ಒದಗಿದ್ದರೂ ಆಶ್ಚರ್ಯವಿಲ್ಲ.

ಕಿಟೆಲರದ್ದೂ ಹಾಗೆಯೇ. 1853ರಲ್ಲಿ ಬಂದದ್ದು ಮತ ಸಾರಲು. ಕೊನೆಗೆ ಕೇಶಿರಾಜನ ಶಬ್ದಮಣಿದರ್ಪಣ (1872), ನಾಗವರ್ಮನ ಛಂದೋಂಬುಧಿ (1875) ಇವುಗಳನ್ನು ಸಂಪಾದಿಸುತ್ತಾ, ಹಳಗನ್ನಡದಿಂದ ಹಿಡಿದು ಸಂತೆಮಾತಿನವರೆಗೆ ಪದ ಹೆಕ್ಕುತ್ತಾ, 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಕೊಟ್ಟರು.

ಈ ಎರಡನ್ನು ಜಮಾ-ಖರ್ಚಿನ ಪುಸ್ತಕದಲ್ಲಿ ಎದುರುಬದುರು ಬರೆದು ಬಾಕಿ ಎಷ್ಟು ಎಂದು ನೋಡುವವರು ಎರಡು ಪಕ್ಷದಲ್ಲೂ ಇದ್ದಾರೆ. ನನಗೆ ಆ ಲೆಕ್ಕ ಹಿಡಿಸುವುದಿಲ್ಲ. ನಿಘಂಟು ಆ ಜಾತ್ರೆಯ ಬೈಗುಳಕ್ಕೆ ಪರಿಹಾರಧನವಲ್ಲ. ಬೈಗುಳ ಬೈಗುಳವೇ, ನಿಘಂಟು ನಿಘಂಟೇ, ಎರಡೂ ಒಂದೇ ಮನೆಯಿಂದ ಬಂದವು. ಆ ಮನೆಯವಳು ನಾನು.

ನಿಮ್ಮ ಹಿರಿಯರು ಕೆಲಸದ ಆಸೆಗೆ ಮತ ಬದಲಿಸಿದವರಲ್ಲವೇ?

ಕೇಳಿದ್ದು ಒಳ್ಳೆಯದಾಯಿತು. ಹೆಚ್ಚಿನವರು ಬೆನ್ನ ಹಿಂದೆ ಹೇಳುತ್ತಾರೆ.

ನಮ್ಮ ಕಡೆ ಸಭೆಗೆ ಸೇರಿದವರಲ್ಲಿ ಬಹುಪಾಲು ಬಿಲ್ಲವರು. ಮೂರ್ತೆ, ಅಂದರೆ ಕಳ್ಳು ಇಳಿಸುವುದು, ಅನೇಕರ ಕಸುಬು. ಸಭೆ ಸೇರಿದರೆ ಕಳ್ಳಿನ ಕಸುಬು ಬಿಡಬೇಕು ಎಂದು ಮಿಷನ್ನಿನವರ ಕಟ್ಟುನಿಟ್ಟು. ಕಸುಬು ಹೋಯಿತು, ನೆಂಟರಿಷ್ಟರು ದೂರವಾದರು, ಗೇಣಿ ಜಮೀನಿನ ಧಣಿ ಹೊರಗೆ ಹಾಕಿದ. ಆಮೇಲೆ ಹೊಟ್ಟೆಗೆ? ಆ ಪ್ರಶ್ನೆಗೆ ಉತ್ತರವಾಗಿ ಬಂದದ್ದು ನೇಯ್ಗೆ ಮನೆ, ಅಚ್ಚುಕೂಟ, ಪುಸ್ತಕ ಕಟ್ಟುವ ಕೆಲಸ, 1865ರಲ್ಲಿ ಜೆಪ್ಪುವಿನಲ್ಲಿ ಶುರುವಾದ ಹೆಂಚಿನ ಕಾರ್ಖಾನೆ. ಮಂಗಳೂರು ಹೆಂಚು ಎಂದು ಇಡೀ ದೇಶ ಕರೆಯುವುದು ಇದನ್ನೇ. ಮತಾಂತರ ಮೊದಲು, ಕಾರ್ಖಾನೆ ನಂತರ. ಆದರೆ ಕಾರ್ಖಾನೆ ನಿಂತ ಮೇಲೆ ಅದನ್ನು ನೋಡಿ ಬಂದವರೂ ಇರಲಿಲ್ಲವೆಂದು ನಾನು ಆಣೆ ಹಾಕಲಾರೆ. ಮನುಷ್ಯರಪ್ಪ, ಹಸಿವೂ ನಂಬಿಕೆಯೂ ಒಂದೇ ಹೊಟ್ಟೆಯಲ್ಲಿರುತ್ತವೆ.

ಆ ಕಾರ್ಖಾನೆಗಳಲ್ಲಿ ಕೂಲಿ ಕೊಡುವ ದೊರೆಯೂ, ಕುಡಿದರೆ ಸಾಲ ಮಾಡಿದರೆ ಗದರಿಸುವ ಸಭೆಯೂ ಒಂದೇ ಆಗಿತ್ತು. ಅದು ಉಸಿರುಗಟ್ಟಿಸುವಂಥದ್ದು. ನಮ್ಮ ಹಳೇ ಮನೆ ಕೆಡವುವಾಗ ಮಾಡಿನಿಂದ ಇಳಿಸಿದ ಒಂದು ಹೆಂಚನ್ನು ನಾನು ಹುಬ್ಬಳ್ಳಿಗೆ ತಂದಿದ್ದೇನೆ. ಅಡಿಯಲ್ಲಿ ಮಿಷನ್ನಿನ ಮುದ್ರೆ, ಅದರ ಪಕ್ಕ ಯಾರದೋ ಹೆಬ್ಬೆರಳಿನ ಗುರುತು, ಹಸಿ ಮಣ್ಣಿನಲ್ಲಿ ಒತ್ತಿ ಸುಟ್ಟದ್ದು. ಯಾರ ಬೆರಳೋ. ಅವನಿಗೆ ಅವತ್ತು ಎಷ್ಟು ಕೂಲಿ ಸಿಕ್ಕಿತೋ.

ಇದು ಎಷ್ಟೆಂದರೂ ಪರದೇಶದ ಧರ್ಮವಲ್ಲವೇ?

ಬಂದದ್ದು ಹೊರಗಿನಿಂದ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ವರ್ಷಾನುಗಟ್ಟಲೆ ಕೂತು ಮಾಡಿದ ಇಡೀ ಬೈಬಲಿನ ಕನ್ನಡ 1831ರಲ್ಲಿ ಅಚ್ಚಾಗಿ ಮುಗಿಯಿತು. ಆಮೇಲೆ ಎಷ್ಟೋ ಸಲ ತಿದ್ದಿದ್ದಾರೆ. ಇಪ್ಪತ್ತಮೂರನೆಯ ಕೀರ್ತನೆಯನ್ನು ನಾವು ಮಕ್ಕಳಿದ್ದಾಗ ಬಾಯಿಪಾಠ ಮಾಡಿದ್ದು ಹೀಗೆ: ‘ಯೆಹೋವನು ನನಗೆ ಕುರುಬನು, ಕೊರತೆಪಡೆನು.’ ಕರಾವಳಿಯ ಹುಡುಗಿಗೆ ಕುರಿಹಿಂಡು ಎಲ್ಲಿ ಗೊತ್ತು? ಮೀನು ಗೊತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಗದಗ ರಸ್ತೆಯಲ್ಲಿ ಬಸ್ಸು ನಿಂತಿತು. ಮುಂದೆ ನೂರಾರು ಕುರಿ. ಕಂಬಳಿ ಹೊದ್ದ ಕುರುಬಜ್ಜ ಕೋಲು ಹಿಡಿದು ಬಸ್ಸಿನ ಹಾರ್ನಿಗೆ ಕ್ಯಾರೇ ಅನ್ನದೆ ನಡೆಯುತ್ತಿದ್ದ. ಹೆಗಲಿನ ಜೋಳಿಗೆಯಿಂದ ಆಗತಾನೇ ಹುಟ್ಟಿದ ಮರಿಯ ತಲೆ ಹೊರಗೆ ಇಣುಕುತ್ತಿತ್ತು. ಆ ಕೀರ್ತನೆ ನನಗೆ ಅರ್ಥವಾದದ್ದು ಅವತ್ತು, ಗದಗ ರಸ್ತೆಯಲ್ಲಿ. ಪರದೇಶ ಎಲ್ಲಿಂದ ಬಂತು ಅದರಲ್ಲಿ?

ಚರ್ಚಿನಲ್ಲಿ ಜಾತಿ ಇಲ್ಲ ಅನ್ನುತ್ತೀರಿ. ನಿಜವಾ?

ನಾನು ಅನ್ನುವುದಿಲ್ಲ. ವೇದಿಕೆಯ ಮೇಲಿಂದ ಅನ್ನುತ್ತಾರೆ.

ಬಾಸೆಲ್ ಮಿಷನ್ನಿನವರು ಸಭೆಯೊಳಗೆ ಜಾತಿಗೆ ಜಾಗವಿಲ್ಲ ಎಂದು ಹಟ ಹಿಡಿದದ್ದು ನಿಜ. ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂಡಿಸಿದ್ದು ನಿಜ. ನೂರೆಂಬತ್ತು ವರ್ಷದ ಮೇಲೂ ಹೆಣ್ಣು ನೋಡಲು ಬಂದವರು ಚಹಾ ಕುಡಿದು ಲೋಟ ಕೆಳಗಿಟ್ಟ ಮೇಲೆ ‘ನಿಮ್ಮದು ಮೂಲತಃ...?’ ಎಂದು ಎಳೆಯುತ್ತಾರಲ್ಲ, ಆ ಎಳೆತವೂ ನಿಜ. ಕರಾವಳಿಯ ಕಥೋಲಿಕರಲ್ಲಿ ಬಾಮಣ್, ಚಾರೊಡಿ ಎಂಬ ವಿಂಗಡಣೆ ಗೋವೆಯಿಂದ ಬಂದ ಗಂಟಿನೊಂದಿಗೇ ಬಂತು. ತಮಿಳುನಾಡಿನ ಕೆಲವು ಊರುಗಳಲ್ಲಿ ದಲಿತ ಕ್ರೈಸ್ತರಿಗೆ ಸ್ಮಶಾನದಲ್ಲೂ ಬೇರೆ ಮೂಲೆ. ಭಾರತದ ಕಥೋಲಿಕ ಬಿಷಪರ ಮಂಡಳಿ ಚರ್ಚಿನೊಳಗೆ ಅಸ್ಪೃಶ್ಯತೆ ಇದೆ ಎಂದು ಒಪ್ಪಿಕೊಂಡು ನೀತಿಪತ್ರ ಹೊರಡಿಸಿದ್ದು 2016ರಲ್ಲಿ. ದಲಿತ ಸಮುದಾಯದಿಂದ ಮೊದಲ ಕಾರ್ಡಿನಲ್ (ಕಥೋಲಿಕರಲ್ಲಿ ಪೋಪರ ನಂತರದ ದರ್ಜೆ) ಆದದ್ದು 2022ರಲ್ಲಿ, ಹೈದರಾಬಾದಿನ ಆರ್ಚ್‌ಬಿಷಪ್ ಪೂಲ ಅಂತೋನಿ. ಎಷ್ಟು ಶತಮಾನ ತಡ ಎಂದು ನೀವೇ ಎಣಿಸಿ.

ಸರ್ಕಾರದ ಲೆಕ್ಕದಲ್ಲಿ ಇದು ಇನ್ನೂ ವಿಚಿತ್ರ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ದಲಿತರು ಕ್ರೈಸ್ತರಾದರೆ ಪರಿಶಿಷ್ಟ ಜಾತಿಯ ಸವಲತ್ತು ಹೋಗುತ್ತದೆ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು, ನಮ್ಮವರನ್ನು ಸೇರಿಸಲಿಲ್ಲ. ಕ್ರೈಸ್ತರಾದ ಮೇಲೆ ಜಾತಿ ಇಲ್ಲ ಎಂದು ಕಾನೂನು, ಇದೆ ಎಂದು ಬೀಗರು.

ಇಲ್ಲಿ ಸೊಗಸು ಎಲ್ಲಿದೆ ಎಂದು ಕೇಳಿದರೆ, ಇದನ್ನು ಎದುರಿಸಿ ಮಾತನಾಡಿದವರಲ್ಲಿ ಇದೆ. ಜಾತಿ ಪಾಪ ಎಂದು ಬಿಷಪರ ಮುಖಕ್ಕೆ ಹೇಳಿದ ದಲಿತ ಕ್ರೈಸ್ತರು ಅದಕ್ಕೆ ಆಧಾರ ತೆಗೆದದ್ದು ಅದೇ ಬಿಷಪರು ಓದುವ ಸುವಾರ್ತೆಯಿಂದ.

ಆಸ್ತಿ, ಚುನಾವಣೆ, ಕೋರ್ಟು, ಬಣ: ನಿಮಗೆ ಬೇಸರ ಬರುವುದಿಲ್ಲವೇ?

ಬರುತ್ತದೆ. ಸಭಾ ಚುನಾವಣೆ ಗ್ರಾಮ ಪಂಚಾಯ್ತಿಯ ಚುನಾವಣೆಗೆ ಏನೂ ಕಡಿಮೆಯಿಲ್ಲ. ನಾನು ಕಮಿಟಿಯಲ್ಲಿದ್ದಾಗ ಒಂದು ಇಡೀ ಸಂಜೆ, ಏಳರಿಂದ ಹತ್ತೂವರೆಯವರೆಗೆ, ಜನರೇಟರ್ ಡೀಸೆಲ್ಲಿನ ರಸೀದಿ ಬಗ್ಗೆ ಜಗಳವಾಯಿತು. ಪ್ರಾರ್ಥನೆ ಮಾಡಿ ಮುಗಿಸೋಣ ಎಂದರೆ ಯಾರು ಪ್ರಾರ್ಥಿಸಬೇಕು ಎಂಬುದಕ್ಕೂ ಜಗಳ. ಮಿಷನ್ನಿನ ಕಾಲದ ಜಾಗಗಳಿಗೆ ಈಗ ಪೇಟೆಯ ನಡುವೆ ಕೋಟಿಗಟ್ಟಲೆ ಬೆಲೆ. ಬೇಲಿಯೇ ಎದ್ದು ಹೊಲ ಮೇಯ್ದ ಕಥೆಗಳು ದಕ್ಷಿಣದ ಎಲ್ಲ ರಾಜ್ಯಗಳಲ್ಲೂ ಸಿಗುತ್ತವೆ.

ಆಗೆಲ್ಲ ನಾನು ನೆನಪಿಸಿಕೊಳ್ಳುವುದು ಒಂದು ತಾರೀಖನ್ನು: 1947ರ ಸೆಪ್ಟೆಂಬರ್ 27. ದೇಶ ಹೋಳಾಗಿ ಆರು ವಾರವಾಗಿತ್ತು, ಉತ್ತರದಲ್ಲಿ ರಕ್ತ ಹರಿಯುತ್ತಿತ್ತು. ಆ ದಿನ ಮದ್ರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಶನಲ್ ಪರಂಪರೆಯವರು ಸೇರಿ ದಕ್ಷಿಣ ಭಾರತ ಸಭೆಯಾದರು. ತಾಯ್ನಾಡಿನಲ್ಲಿ ಶತಮಾನಗಳಿಂದ ಒಂದಾಗದ ಪಂಗಡಗಳು ಇಲ್ಲಿ ಒಂದಾದವು. ಈಗ ನಾವು ಡೀಸೆಲ್ ರಸೀದಿಗೆ ಹೊಡೆದಾಡುತ್ತೇವೆ, ಸರಿ. ಆದರೂ ಒಂದಾದದ್ದು ಸುಳ್ಳಲ್ಲ.

ಪಾದ್ರಿಗಳ ಲೈಂಗಿಕ ದೌರ್ಜನ್ಯದ ಸುದ್ದಿಗಳಲ್ಲೂ ಸೊಗಸು ಹುಡುಕುತ್ತೀರಾ?

ಇಲ್ಲ. ಅಲ್ಲಿ ಸೊಗಸು ಇಲ್ಲ, ಹುಡುಕಬಾರದು. ಹಾಡು, ಚಿತ್ರ, ಆಸ್ಪತ್ರೆ ಇವನ್ನೆಲ್ಲ ತಂದು ಆ ಬಾಗಿಲಿಗೆ ಅಡ್ಡ ಇಡುವವರನ್ನು ನಾನು ನಂಬುವುದಿಲ್ಲ.

ತಿಳಿದಿರಬೇಕಾದ್ದು ಇಷ್ಟು: ಮಗುವಿನ ಮೇಲೆ ದೌರ್ಜನ್ಯವಾಗಿದೆ ಎಂದು ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಗೊತ್ತಾದ ಪ್ರತಿಯೊಬ್ಬರ ಕರ್ತವ್ಯ, ತಿಳಿಸದಿರುವುದು ಅಪರಾಧ. ಮಕ್ಕಳ ಸಹಾಯವಾಣಿ 1098. ‘ಮೊದಲು ಬಿಷಪರಿಗೆ ಹೇಳೋಣ’, ‘ಸಭೆಯ ಮಾನ’, ‘ಕ್ಷಮಿಸಬೇಕು’ ಎಂಬ ಮಾತುಗಳು ಬಂದರೆ ಕೇಳಿಸಿಕೊಳ್ಳಬೇಡಿ. ಕ್ಷಮೆ ಕೊಡುವ ಹಕ್ಕು ನೊಂದವರದ್ದು, ಕಮಿಟಿಯದ್ದಲ್ಲ.

ಹೊರಗಿನಿಂದ ಕಲ್ಲು ಬೀಳುವ ಕಾಲದಲ್ಲಿ ಒಳಗಿನ ಕೊಳೆಯನ್ನು ಬೀದಿಗೆ ತರುವುದು ಸರಿಯೇ?

ಈ ಪ್ರಶ್ನೆ ನಮ್ಮವರೇ ಕೇಳುತ್ತಾರೆ. 2008ರ ಸೆಪ್ಟೆಂಬರ್ 14ರ ಭಾನುವಾರ ಮಂಗಳೂರಿನ ಸುತ್ತ ಚರ್ಚುಗಳ, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ನಡೆದಾಗ ನಾನು ಹುಬ್ಬಳ್ಳಿಯಲ್ಲಿ ಫೋನಿನ ಪಕ್ಕ ಕೂತಿದ್ದೆ. ಹೆದರಿಕೆ ಏನೆಂದು ಗೊತ್ತು. ಅವತ್ತು ಅಮ್ಮ ಫೋನಿನಲ್ಲಿ ಹೇಳಿದ್ದು ಎರಡು ವಿಷಯ. ಒಂದು, ಪಕ್ಕದ ಮನೆಯ ಹಿಂದೂ ಅಕ್ಕ ಬಂದು ರಾತ್ರಿ ಇಲ್ಲೇ ಮಲಗುತ್ತೇನೆ ಎಂದು ಚಾಪೆ ತಂದಿದ್ದಾರೆ. ಎರಡು, ವರ್ಷದಿಂದ ಮಾತು ಬಿಟ್ಟಿದ್ದ ಸಭೆಯ ಇಬ್ಬರು ಬಾಗಿಲು ಕಾಯಲು ಒಟ್ಟಿಗೆ ಕೂತಿದ್ದಾರೆ.

ಹೊರಗಿನ ಕಲ್ಲಿನ ನೆಪ ಹೇಳಿ ಒಳಗಿನ ಕೊಳೆ ಮುಚ್ಚಿದರೆ ಕೊಳೆಗೆ ಹಬ್ಬ. ಹೆದರಿಕೆಯ ಕಾಲ ಮುಗಿಯಲಿ ಆಮೇಲೆ ಮಾತಾಡೋಣ ಎಂದರೆ ಆ ಕಾಲ ಮುಗಿಯುವುದೇ ಇಲ್ಲ.

ಹೆಂಗಸರಿಗೆ ಸಭೆಯಲ್ಲಿ ಏನಿದೆ? ಪಲಾವು ಬೇಯಿಸುವುದಾ?

ಪಲಾವು, ಹೂವು, ಸಂಡೇ ಸ್ಕೂಲು, ಕಾಣಿಕೆ ಎಣಿಸುವಾಗ ಚಹಾ. ದಕ್ಷಿಣ ಭಾರತ ಸಭೆಯಲ್ಲಿ ಹೆಣ್ಣುಮಕ್ಕಳಿಗೆ ಅಭಿಷೇಕ (ಪಾದ್ರಿ ಪಟ್ಟ) ಶುರುವಾದದ್ದು 1976ರಲ್ಲಿ, ಮೊದಲ ಮಹಿಳಾ ಬಿಷಪ್ 2013ರಲ್ಲಿ, ಆಂಧ್ರದ ನಂದ್ಯಾಲದಲ್ಲಿ. ಕಥೋಲಿಕರಲ್ಲಿ ಅದೂ ಇಲ್ಲ. ಆದರೆ ಉಡುಪಿಯಲ್ಲಿ ನಾನು ಹುಟ್ಟಿದ ಮಿಷನ್ ಆಸ್ಪತ್ರೆಯನ್ನು 1923ರಲ್ಲಿ ಆರಂಭಿಸಿದ್ದು ಇವಾ ಲೊಂಬಾರ್ಡ್ ಎಂಬ ಸ್ವಿಸ್ ವೈದ್ಯೆ. ಪೀಠದ ಮೇಲೆ ನಿಲ್ಲಲು ಜಾಗ ಕೊಡದ ಕಾಲದಲ್ಲಿ ಹೆರಿಗೆ ಕೋಣೆಯಲ್ಲಿ ನಿಂತರು.

ಪ್ರಸಂಗ (ಪಾದ್ರಿಯ ಉಪದೇಶ) ಬಹಳ ಉದ್ದ, ನಿದ್ದೆ ಬರುತ್ತದೆ. ಏನು ಮಾಡಲಿ?

ನನಗೂ ಬರುತ್ತದೆ. ಕಂಬದ ಹಿಂದೆ ಕೂರಿ.

ಹಾಡುಗಳು ಯಾಕೆ ಹಾಗೆ ಎಳೆದ ಹಾಗಿರುತ್ತವೆ?

ಜರ್ಮನ್ ರಾಗಕ್ಕೆ ಕನ್ನಡ ಮಾತು ಕೂಡಿಸಿದ್ದಕ್ಕೆ. ಹ್ರಸ್ವ ಇರಬೇಕಾದಲ್ಲಿ ರಾಗ ಎಳೆಯುತ್ತದೆ, ದೀರ್ಘ ಇರಬೇಕಾದಲ್ಲಿ ಕತ್ತರಿಸುತ್ತದೆ. ಕಿಟೆಲರಿಗೆ ಇದು ಕಿರಿಕಿರಿಯಾಗಿತ್ತೋ ಏನೋ, ಯೇಸುವಿನ ಚರಿತ್ರೆಯನ್ನು 1862ರಲ್ಲಿ ‘ಕಥಾಮಾಲೆ’ಯಾಗಿ ನಮ್ಮದೇ ಛಂದಸ್ಸಿನಲ್ಲಿ ಬರೆದರು. ಸಭೆಗಳು ಮಾತ್ರ ಜರ್ಮನ್ ರಾಗ ಬಿಡಲಿಲ್ಲ. ಈಗ ನಮ್ಮಲ್ಲಿ ಎರಡೂ ಉಂಟು: ಆರಾಧನೆಯ ಮೊದಲರ್ಧ ಆರ್ಗನ್ ಜೊತೆ ನಾಲ್ಕು ಸ್ವರದ ಹಾಡು, ಕಾಣಿಕೆಯ ಹೊತ್ತಿಗೆ ತಬಲ, ಹಾರ್ಮೋನಿಯಂ.

ಆ ಎಳೆದಾಟದ ಹಾಡನ್ನು ನನ್ನ ಅಪ್ಪ ಬೇಸ್ ಸ್ವರದಲ್ಲಿ, ಅಂದರೆ ನಾಲ್ಕರಲ್ಲಿ ಎಲ್ಲಕ್ಕಿಂತ ತಗ್ಗಿನ ದನಿಯಲ್ಲಿ, ಹಾಡುತ್ತಿದ್ದರು. ಎಂಟನೇ ಕ್ಲಾಸು ಓದಿದವರು, ಸಂಗೀತ ಕಲಿತವರಲ್ಲ. ಅವರಪ್ಪ ಹಾಡಿದ್ದನ್ನು ಪಕ್ಕದಲ್ಲಿ ನಿಂತು ಕೇಳಿ ಕಲಿತದ್ದು. ರಾಗ ನಾವು ಹೆಂಗಸರದ್ದು. ಅವರದ್ದು ಕೆಳಗಿನಿಂದ ತೊಲೆಯ ಹಾಗೆ ಬರುತ್ತಿತ್ತು. ಅವರು ತೀರಿಕೊಂಡ ಮೇಲಿನ ಮೊದಲ ಭಾನುವಾರ ಊರ ದೇವಾಲಯದಲ್ಲಿ ಅದೇ ಹಾಡು ಬಂತು, ಕೆಳಗೆ ಏನೂ ಇರಲಿಲ್ಲ. ಎರಡನೇ ಚರಣಕ್ಕೆ ಹಿಂದಿನ ಬೆಂಚಿನಿಂದ ಯಾವುದೋ ಹುಡುಗ, ಮೀಸೆ ಸರಿಯಾಗಿ ಬಾರದವನು, ತಪ್ಪುತಪ್ಪಾಗಿ ಆ ಸ್ವರ ಹಿಡಿದ.

ಸುಗ್ಗಿ ಹಬ್ಬದ ಏಲಂ ಅಂದರೆ ಶ್ರೀಮಂತರ ಪ್ರದರ್ಶನವಲ್ಲವೇ?

ಅರ್ಧ ಹೌದು. ಹಬ್ಬದ ದಿನ ಎಲ್ಲರೂ ಬೆಳೆದದ್ದು, ಬೇಯಿಸಿದ್ದು ತರುತ್ತಾರೆ: ಬಾಳೆಗೊನೆ, ಕುಂಬಳಕಾಯಿ, ಕೋಳಿ, ಕೇಕು. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಏಲಂ. ಒಂದು ತೆಂಗಿನಕಾಯಿ ಸಾವಿರ ದಾಟುತ್ತದೆ, ಕೊಂಡವರು ಸುತ್ತ ನೋಡಿ ‘ವಾಪಸು ಏಲಂಗೆ’ ಎಂದು ಕೊಡುತ್ತಾರೆ, ಚಪ್ಪಾಳೆ.

ಇನ್ನರ್ಧ ಹೀಗೆ. ಒಂದು ವರ್ಷ ಒಬ್ಬ ವಿಧವೆ ಅಜ್ಜಿ ನಾಲ್ಕು ಮೊಟ್ಟೆಯನ್ನು ಭತ್ತದ ಹೊಟ್ಟಿನಲ್ಲಿಟ್ಟು ತಂದರು. ಏಲಂ ಕೂಗುವವರು ದೊಡ್ಡ ಸಾಮಾನಿನ ಗಡಿಬಿಡಿಯಲ್ಲಿ ಅದನ್ನು ಮೇಜಿನ ಅಡಿಗೆ ಇಟ್ಟು ಮರೆತರು. ಅಜ್ಜಿ ಬಿಸಿಲಿನಲ್ಲಿ ಕಾದೇ ಕಾದರು. ಕೊನೆಗೆ ಸಂಡೇ ಸ್ಕೂಲಿನ ಹುಡುಗಿಯೊಬ್ಬಳು ಮೇಜಿನ ಅಡಿ ನುಸುಳಿ ಹೊರತೆಗೆದು ‘ಇದು ಆಗಿಲ್ಲ’ ಎಂದು ಕಿರುಚಿದಳು. ಹೋಗಲಿಕ್ಕೆ ಹೊರಟಿದ್ದವರು ನಿಂತರು. ಆಮೇಲೆ ಆ ನಾಲ್ಕು ಮೊಟ್ಟೆಗೆ ಆದ ಕೂಗಾಟ ಆ ದಿನದ ಬಾಳೆಗೊನೆಗೂ ಆಗಿರಲಿಲ್ಲ. ಎಷ್ಟಕ್ಕೆ ಹೋಯಿತು ಎಂದು ಹೇಳಿದರೆ ಮತ್ತೆ ಪ್ರದರ್ಶನ ಅನ್ನುತ್ತೀರಿ, ಬಿಡಿ.

ನಾನು ಕ್ರೈಸ್ತನಲ್ಲ. ಒಮ್ಮೆ ಬಂದು ನೋಡಬಹುದೇ?

ಧಾರಾಳವಾಗಿ. ಯಾರನ್ನೂ ಕೇಳಬೇಕಿಲ್ಲ. ಎಲ್ಲರೂ ಏಳುವಾಗ ಏಳಿ, ಕೂರುವಾಗ ಕೂರಿ. ಮೊಣಕಾಲೂರದಿದ್ದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಚಪ್ಪಲಿ ಹೊರಗೋ ಒಳಗೋ ಎಂಬುದು ಊರಿಂದೂರಿಗೆ ಬೇರೆ, ಬಾಗಿಲಲ್ಲಿ ನೋಡಿಕೊಳ್ಳಿ. ಕಾಣಿಕೆ ಚೀಲ ಬಂದರೆ ಪಕ್ಕದವರಿಗೆ ದಾಟಿಸಿ, ಸಾಕು. ರೊಟ್ಟಿ-ದ್ರಾಕ್ಷಾರಸ, ಕಥೋಲಿಕರಲ್ಲಿ ಪರಮಪ್ರಸಾದ, ಅದನ್ನು ಮಾತ್ರ ತೆಗೆದುಕೊಳ್ಳಬೇಡಿ. ಅದು ದೀಕ್ಷಾಸ್ನಾನ ಆದವರಿಗೆ. ಕೊನೆಗೆ ಯಾರಾದರೂ ‘ಯಾವ ಊರು, ಎಲ್ಲಿ ಕೆಲಸ’ ಎಂದು ವಿಚಾರಿಸಲು ಬಂದೇ ಬರುತ್ತಾರೆ. ಮತಾಂತರಕ್ಕೆ ಅಂದುಕೊಳ್ಳಬೇಡಿ, ಹೆಚ್ಚಾಗಿ ಗಂಡೋ ಹೆಣ್ಣೋ ಹುಡುಕುತ್ತಿರುತ್ತಾರೆ.

ನೊಂದು ಬಿಟ್ಟುಹೋದವರಿಗೆ ವಾಪಸು ಬನ್ನಿ ಎನ್ನುತ್ತೀರಾ?

ಎನ್ನುವುದಿಲ್ಲ. ನನ್ನ ಗೆಳತಿಯೊಬ್ಬಳು ವಿಚ್ಛೇದನದ ಮೇಲೆ ಸಭೆಯವರ ಕಣ್ಣು, ಪಿಸುಮಾತು ತಡೆಯಲಾಗದೆ ಬಿಟ್ಟಳು. ಅವಳ ಜಾಗದಲ್ಲಿ ನಾನಿದ್ದರೆ ನಾನೂ ಬಿಡುತ್ತಿದ್ದೆ. ಪಿಸುಗುಟ್ಟಿದವರಲ್ಲಿ ಮುಂದಿದ್ದವರು ನಿವೃತ್ತ ಟೀಚರಮ್ಮ ಒಬ್ಬರು. ನಾಲಿಗೆ ಕತ್ತಿ.

ಮೂರು ವರ್ಷದ ಮೇಲೆ ಗೆಳತಿಯ ತಾಯಿ ರಾತ್ರಿ ಎರಡು ಗಂಟೆಗೆ ತೀರಿಕೊಂಡರು. ನನಗೆ ಫೋನು ಬಂದು ನಾನು ಆಟೊ ಹಿಡಿದು ಮುಟ್ಟುವಷ್ಟರಲ್ಲಿ ಟೀಚರಮ್ಮ ಅಲ್ಲಿದ್ದರು. ಸೀರೆ ಸೊಂಟಕ್ಕೆ ಸಿಕ್ಕಿಸಿ, ಬಿಸಿನೀರು ಕಾಯಿಸಿ, ಹೆಣವನ್ನು ತೊಳೆಯುತ್ತಿದ್ದರು. ಬೆರಳಿನ ಸಂದು, ಕಿವಿಯ ಹಿಂದೆ, ಉಗುರು. ವರ್ಷಗಟ್ಟಲೆ ಹಾಸಿಗೆ ಹಿಡಿದ ಮೈ, ಬೆನ್ನಿನಲ್ಲಿ ಹುಣ್ಣು. ಒಂದು ಮಾತಿಲ್ಲ, ಮೂಗಿಗೆ ಸೆರಗಿಲ್ಲ. ತಲೆ ಬಾಚಿ, ಗೆಳತಿಯನ್ನು ಕರೆದು, ‘ಬೈತಲೆ ಅಮ್ಮ ಯಾವ ಕಡೆ ತೆಗೀತಿದ್ರವ್ವ?’ ಎಂದು ಕೇಳಿದರು.

ಗೆಳತಿ ಸಭೆಗೆ ವಾಪಸು ಬಂದಿಲ್ಲ. ಟೀಚರಮ್ಮನ ನಾಲಿಗೆಯೂ ಬದಲಾಗಿಲ್ಲ. ಮೊನ್ನೆ ನನ್ನ ಮಗಳ ಬಗ್ಗೆಯೇ ಏನೋ ಅಂದರಂತೆ.

ನಿಮ್ಮ ಮಕ್ಕಳು ಹೋಗುತ್ತಾರಾ?

ಮಗ ಬೆಂಗಳೂರಿನಲ್ಲಿ ಗಿಟಾರು, ಡ್ರಮ್ಮು ಇರುವ ದೊಡ್ಡ ಸಭೆಗೆ ಹೋಗುತ್ತಾನೆ. ಮಗಳು ಹೋಗುವುದಿಲ್ಲ, ಕೇಳಿದರೆ ವಾದಕ್ಕೆ ಬರುತ್ತಾಳೆ, ಮುಕ್ಕಾಲು ಪಾಲು ವಾದದಲ್ಲಿ ಗೆಲ್ಲುತ್ತಾಳೆ. ಕ್ರಿಸ್ಮಸ್ ಹಿಂದಿನ ರಾತ್ರಿ ಮಾತ್ರ ಯಾರೂ ಹೇಳದೆ ಬಂದು ನನ್ನ ಪಕ್ಕ ನಿಲ್ಲುತ್ತಾಳೆ. ಹಾಡುವುದಿಲ್ಲ. ಮೇಣದ ಬತ್ತಿ ಹಚ್ಚಿಕೊಡುವಾಗ ಬಿಸಿ ಮೇಣ ನನ್ನ ಕೈಗೆ ಬೀಳದ ಹಾಗೆ ಕಾಗದ ಸುತ್ತಿ ಕೊಡುತ್ತಾಳೆ.